ಚನ್ನಪಟ್ಟಣದ ಗೊಂಬೆಗೆ ಯಾವ ಬಣ್ಣ: ಗಿಡಮೂಲದ್ದಾ, ರಾಸಾಯನಿಕದ್ದಾ?

ಮರ ತಿರುಗಿಸಿ ಕಡೆಯುವ ಸಣ್ಣ ಯಂತ್ರ (ಲೇಥ್) ಹಾಕಿ ಗೊಂಬೆ ಮಾಡಲು ಹೊರಟಿದ್ದೀರಿ, ಅರಗಿಗೆ ಯಾವ ಬಣ್ಣ ಬೆರೆಸಲಿ ಎಂದು ಕೇಳಿದ್ದೀರಿ. ಕೆಲಸದ ಕ್ರಮ ಎರಡಕ್ಕೂ ಒಂದೇ. ಈ ಗೊಂಬೆಗೆ ಬಳಸುವ ಆಲೆ ಮರದ ತಿರುಗುವ ತುಂಡಿಗೆ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಅಂಟಿಕೊಳ್ಳುತ್ತದೆ.

ಖರ್ಚಿನಲ್ಲಿ ರಾಸಾಯನಿಕ ಬಣ್ಣವೇ ಹಗುರ. ಪ್ರತಿ ಸಲವೂ ಒಂದೇ ಬಣ್ಣ ಬರುತ್ತದೆ. ಗಿಡಮೂಲದ್ದು ಒಂದೊಂದು ಸಲ ಒಂದೊಂದು ಥರ. ಅರಿಸಿನದ ಹಳದಿಯಂತೂ ಬಿಸಿಲಿಗೆ ಬೇಗ ಮಂಕಾಗುತ್ತದೆ.

ಸುರಕ್ಷತೆಯ ಮಾತು ಬೇರೆ. ಮಗು ಗೊಂಬೆಯನ್ನು ಮೊದಲು ಬಾಯಿಗಿಡುತ್ತದೆ, ಅಲ್ವಾ? ಅಗ್ಗದ ಬಣ್ಣದ ಪುಡಿಯಲ್ಲಿ ಸೀಸ (ಲೆಡ್) ಎಂಬ ವಿಷದ ಲೋಹ ಇರಬಹುದು. ಅದು ಕಣ್ಣಿಗೆ ಕಾಣುವುದಿಲ್ಲ. ಅರಗು ಕಾಯಿಸಿ ಬಣ್ಣ ನಾದುವಾಗ ಆ ಪುಡಿ ಸೇರುವುದು ನಿಮ್ಮ ಮೂಗಿಗೇ. ಹಾಗಂತ ಗಿಡಮೂಲ ಅಂದ ಮಾತ್ರಕ್ಕೆ ಸುಮ್ನೆ ನಂಬಬೇಡಿ. ಹಳದಿ ಜಾಸ್ತಿ ಕಾಣಲೆಂದು ಅರಿಸಿನಕ್ಕೂ ಸೀಸದ ಬಣ್ಣ ಬೆರೆಸುವುದುಂಟು. ಪಾಲಿಶ್ ಮಾಡದ ಕೊಂಬು ತಂದು ನೀವೇ ಪುಡಿ ಮಾಡಿಸಿಕೊಳ್ಳಿ.

ಎಳೆ ಮಕ್ಕಳ ಗಿಲಕಿ ಮಾಡುವವರಿಗೆ ನಾನು ಗಿಡಮೂಲದ್ದನ್ನೇ ಹೇಳುತ್ತೇನೆ. ಸ್ವಲ್ಪ ಹೆಚ್ಚು ಬೆಲೆ ಕೊಡುವ ಗಿರಾಕಿ ಸಿಕ್ಕರೆ ಖರ್ಚೂ ಹೊಂದುತ್ತದೆ. ಪರದೆಯ ಉಂಗುರ, ಗೋಡೆಯ ಅಲಂಕಾರದ ದೊಡ್ಡ ಆರ್ಡರ್‌ಗೆ ರಾಸಾಯನಿಕ ಬಣ್ಣ ಆಗುತ್ತದೆ. ಸೀಸವಿಲ್ಲ ಎಂಬ ಪರೀಕ್ಷೆಯ ವರದಿಯನ್ನು ಮಾತ್ರ ಕೇಳಿ ಪಡೆಯಿರಿ.