ರಾಗಿ ಹೊಲಕ್ಕೆ ಹಳೇ ಟೈರ್ ಗಾಡಿಯೋ, ಹಳೇ ಚೈನ್ ಗಾಡಿಯೋ?

ಯಲಹಂಕ ದಾಟಿ ದೊಡ್ಡಬಳ್ಳಾಪುರದ ಕಡೆ ಹೋದರೆ ನವೆಂಬರ್, ಡಿಸೆಂಬರ್‌ನಲ್ಲಿ ಇವತ್ತಿಗೂ ಲೇಔಟ್‌ಗಳ ನಡುವೆ ರಾಗಿ ತೆನೆ ಬಾಗಿ ನಿಂತಿರುತ್ತದೆ. ಅಲ್ಲಿರುವ ನಮ್ಮ ಹೊಲಕ್ಕೆ ಹಳೇ ಮಾದರಿಯ ಎರಡೂ ಬಗೆಯ ಕಟಾವು ಮಿಷನ್, ಅಂದರೆ ಟೈರ್ ಮೇಲೆ ಓಡುವುದನ್ನೂ ಚೈನ್ ಮೇಲೆ ಓಡುವುದನ್ನೂ, ಕರೆಸಿದ್ದೇನೆ, ಡ್ರೈವರ್ ಪಕ್ಕ ನಿಂತು ನೋಡಿದ್ದೇನೆ. ಬಾಡಿಗೆ ಊರೂರಿಗೆ ಬೇರೆ, ಅದನ್ನು ಬಿಡೋಣ. ರಾಗಿಗೆ ಯಾವುದು ಹೊಂದುತ್ತದೆ ಅನ್ನೋದು ಮಿಷನ್ ಹೊಟ್ಟೆಯೊಳಗೆ ಏನು ನಡೆಯುತ್ತದೆ ಅನ್ನೋದರ ಮೇಲೆ ನಿಂತಿದೆ.

ಮೊದಲು ಟೈರ್ ಗಾಡಿ. 1980ರಲ್ಲಿ ಪಂಜಾಬ್ ಟ್ರ್ಯಾಕ್ಟರ್ಸ್‌ನವರು ಸ್ವರಾಜ್ 8100 ತಂದಾಗಿನಿಂದ ಆ ತಲೆಮಾರಿನ ಗಾಡಿಗಳದ್ದು ಹೆಚ್ಚುಕಮ್ಮಿ ಒಂದೇ ಜಾಡು: ಮುಂದೆ ಬೆಳೆ ಕೊಯ್ಯುವ 14 ಅಡಿ ಆಸುಪಾಸಿನ ಕಟ್ಟರ್ ಬಾರ್, ತೆನೆ ಬಡಿಯಲು ಅಡ್ಡಕ್ಕೆ ತಿರುಗುವ ಡ್ರಮ್, ಅದರ ಹಿಂದೆ ಹುಲ್ಲು ಜಾಡಿಸುವ ಸ್ಟ್ರಾ ವಾಕರ್. ತೆನೆ ಡ್ರಮ್ಮಿನಲ್ಲಿ ಉದುರಿದ ಮೇಲೆ ಹುಲ್ಲು ಈ ವಾಕರ್ ಮೇಲೆ ಕುಣಿಯುತ್ತಾ ಹಿಂದಕ್ಕೆ ಸಾಗುತ್ತದೆ; ಮೊರದಲ್ಲಿ ಕೇರಿದ ಹಾಗೆ ಸಿಕ್ಕಿಕೊಂಡ ಕಾಳು ಕೆಳಕ್ಕಿಳಿಯುತ್ತದೆ. ಹುಲ್ಲು ಅಷ್ಟಾಗಿ ನುಜ್ಜಾಗುವುದಿಲ್ಲ. ಹಸು ಕಟ್ಟಿರುವ ಮನೆಗೆ ಇದು ಸಣ್ಣ ಮಾತಲ್ಲ. ರಾಗಿ ಹುಲ್ಲಿನ ಮೆದೆ ಇಲ್ಲದಿದ್ದರೆ ಬೇಸಿಗೆ ಕಳೆಯೋದು ಹೇಗೆ?

ನನಗೆ ಈ ಗಾಡಿಯಲ್ಲಿ ತುಂಬಾ ಇಷ್ಟವಾಗಿದ್ದು ಡ್ರಮ್ಮಿನ ವೇಗ ಬದಲಿಸುವ ಪುಲ್ಲಿ. ಎರಡು ಬಿಲ್ಲೆ, ನಡುವೆ ಬೆಲ್ಟ್. ಬಿಲ್ಲೆಗಳು ಹತ್ತಿರ ಬಂದರೆ ಬೆಲ್ಟ್ ಅಂಚಿಗೇರುತ್ತದೆ, ದೂರ ಸರಿದರೆ ಒಳಕ್ಕಿಳಿಯುತ್ತದೆ, ಅದರ ಜೊತೆಗೇ ಡ್ರಮ್ಮಿನ ವೇಗವೂ ಬದಲಾಗುತ್ತದೆ. ಇದನ್ನು ಮಿಷನ್ ಓಡುತ್ತಿರುವಾಗಲೇ ತಿರುಗಿಸಬೇಕು. ಬೆಳಗಿನ ಇಬ್ಬನಿಗೊಂದು ವೇಗ, ಮಧ್ಯಾಹ್ನದ ಬಿಸಿಲಿಗೊಂದು ವೇಗ. ಜಿಕೆವಿಕೆ ಕೃಷಿ ಮೇಳದಲ್ಲಿ ಎಸಿ ಕ್ಯಾಬಿನ್ ಇರುವ ಹೊಸ ಗಾಡಿಗಳನ್ನು ಆಸೆಯಿಂದಲೇ ನೋಡುತ್ತೇನೆ. ಆದರೂ ಬಿಸಿಲು, ಧೂಳಿನಲ್ಲಿ ನಿಂತು ಡ್ರಮ್ಮಿನ ಸದ್ದು ಕೇಳಿಕೊಂಡೇ ಬೆಳೆ ಒದ್ದೆ ಇದೆಯೋ ಒಣಗಿದೆಯೋ ಹೇಳುವ ಡ್ರೈವರಣ್ಣಂದಿರ ಮೇಲೆ ನನಗಿರುವ ಗೌರವ ದೊಡ್ಡದು.

ಕೊರತೆ ಇಲ್ಲವೆಂದಲ್ಲ. ಹುಲ್ಲು ಹಸಿಯಿದ್ದರೆ ವಾಕರ್ ಮೇಲೆ ದಪ್ಪಗೆ ಕೂತು ಕಾಳನ್ನು ಹೊತ್ತುಕೊಂಡೇ ಹೊರಗೆ ಬೀಳುತ್ತದೆ. ಇಳಿಜಾರಿನಲ್ಲಿ ಎಲ್ಲ ಒಂದೇ ಪಕ್ಕಕ್ಕೆ ಸರಿಯುತ್ತದೆ. ಚಿಕ್ಕ ತುಂಡು ಹೊಲದಲ್ಲಿ ತಿರುಗಿಸುವಷ್ಟರಲ್ಲೇ ಹೊತ್ತು ಹೋಗುತ್ತದೆ.

ಚೈನ್ ಗಾಡಿಯ ರೀತಿಯೇ ಬೇರೆ. 1990ರ ದಶಕದಲ್ಲಿ ಜರ್ಮನಿಯ ಕ್ಲಾಸ್ ಕಂಪನಿ ಎಸ್ಕಾರ್ಟ್ಸ್ ಜೊತೆಗೂಡಿ ಫರೀದಾಬಾದಿನಲ್ಲಿ ಮಾಡಿದ ಕ್ರಾಪ್ ಟೈಗರ್ ಈ ಬಗೆಯದು. ಹೆಸರಿಗೆ ಚೈನ್, ಇರೋದು ರಬ್ಬರ್ ಪಟ್ಟಿ. ಕಟ್ಟರ್ ಬಾರ್ 7 ಅಡಿಯ ಆಸುಪಾಸು. ವಾಕರ್ ಇಲ್ಲ, ಅಡ್ಡ ಡ್ರಮ್ ದಾಟಿದ ಬೆಳೆ ರೋಟರ್ ಅನ್ನೋ ತಿರುಗುವ ಉರುಳೆಯ ಉದ್ದಕ್ಕೂ ಸುತ್ತುತ್ತಾ ಹೋಗುತ್ತದೆ, ಆ ಸುತ್ತುವ ರಭಸಕ್ಕೇ ಕಾಳು ಹೊರಗೆ ಸಿಡಿಯುತ್ತದೆ. ಹಾಗಾಗಿ ಸ್ವಲ್ಪ ಹಸಿ ಇದ್ದರೂ ಕೆಲಸ ನಿಲ್ಲುವುದಿಲ್ಲ. ಚಂಡಮಾರುತದ ಮಳೆಗೆ ಮಲಗಿದ ರಾಗಿಯನ್ನು ಇದು ಎತ್ತಿಕೊಂಡ ಅಚ್ಚುಕಟ್ಟು ಟೈರ್ ಗಾಡಿಯಲ್ಲಿ ನನಗೆ ಕಾಣಲಿಲ್ಲ. ಆದರೆ ಹುಲ್ಲು ಪುಡಿಪುಡಿ. ಕಂತೆ ಕಟ್ಟುವ ಮಾತೇ ಇಲ್ಲ, ಬಾಚಿ ತುಂಬಿಕೊಳ್ಳಬೇಕು. ನಮ್ಮ ಕೆಂಪು ನೆಲದ ಗರಸು ಕಲ್ಲು ರಬ್ಬರನ್ನು ಬೇಗ ಸವೆಸುತ್ತದೆ. ಟಾರು ರಸ್ತೆಯಲ್ಲಿ ಓಡಿಸುವಂತಿಲ್ಲ, ಲಾರಿ ಮೇಲೇರಿಸಿಯೇ ತರಬೇಕು.

ಎರಡಕ್ಕೂ ಒಂದು ಮಾತು. ಈ ಗಾಡಿಗಳು ಗೋಧಿ, ಭತ್ತ ನೋಡಿ ಮಾಡಿದವು. ರಾಗಿ ಕಾಳು ತೀರಾ ಸಣ್ಣದು, ಹಗುರ. ಸಣ್ಣ ಕಣ್ಣಿನ ಜರಡಿ ಹಾಕಿಸಿ, ಫ್ಯಾನ್ ಗಾಳಿ ಇಳಿಸಿ. ಮೊದಲ ಸಾಲು ಮುಗಿದ ಕೂಡಲೇ ಗಾಡಿ ನಿಲ್ಲಿಸಿ, ಹಿಂದೆ ಬಿದ್ದ ಹುಲ್ಲನ್ನು ಗೋಣಿತಾಟಿನ ಮೇಲೆ ಕೊಡವಿ. ಕಾಳು ಉದುರಿದರೆ ಗಾಳಿ ಇನ್ನೂ ಇಳಿಯಬೇಕು, ಇಲ್ಲವೇ ಗಾಡಿಯ ಓಟ ನಿಧಾನವಾಗಬೇಕು. ಟ್ಯಾಂಕಿನಿಂದ ಒಂದು ಹಿಡಿ ತೆಗೆದು ಅಂಗೈಯಲ್ಲಿ ಉಜ್ಜಿ ನೋಡಿ: ಸಿಪ್ಪೆ ಅಂಟಿಕೊಂಡ ಕಾಳು ಜಾಸ್ತಿ ಇದ್ದರೆ ಡ್ರಮ್ಮಿಗೂ ಅದರ ಕೆಳಗಿನ ಕಾನ್ಕೇವ್ ಅನ್ನೋ ಬಾಗಿದ ಜಾಲರಿಗೂ ನಡುವಿನ ಸಂದು ಕಿರಿದಾಗಬೇಕು.

ಇನ್ನು ಬೆಂಗಳೂರಿನ ಸುತ್ತ ಇರುವ ತಾಪತ್ರಯವೆಂದರೆ ಸೈಟಿನ ಗಡಿಕಲ್ಲು. ತೆನೆ ಮರೆಯಲ್ಲಿ ಕಾಣದೆ ಬ್ಲೇಡಿಗೆ ಸಿಕ್ಕಿತೋ, ಅವತ್ತಿನ ಕಟಾವು ಅಲ್ಲಿಗೆ ಮುಗಿಯಿತು. ಹಿಂದಿನ ದಿನವೇ ಕಲ್ಲಿನ ಸುತ್ತ ಕುಡುಗೋಲಿನಲ್ಲಿ ಕೊಯ್ದು ಬಿಡಬೇಕು.

ಬೆಳೆ ನೆಟ್ಟಗಿದ್ದು, ನೆಲ ಒಣಗಿದ್ದು, ಮನೆಯಲ್ಲಿ ದನ ಇದ್ದರೆ ನಾನು ಟೈರ್ ಗಾಡಿಯನ್ನೇ ಕರೆಸುತ್ತೇನೆ. ಮಳೆ ಹೊಡೆದು ರಾಗಿ ಮಲಗಿದ ವರ್ಷ ಹುಲ್ಲಿನ ಆಸೆ ಬಿಟ್ಟು ಚೈನ್ ಗಾಡಿಗೇ ಹೇಳುತ್ತೇನೆ.