ದಡಾರಕ್ಕೆ ಎಂಆರ್ ಲಸಿಕೆಯೋ, ಎಂಎಂಆರ್ ಲಸಿಕೆಯೋ?
ಮೂಡಿಗೆರೆ ಕಡೆಯ ಕಾಫಿ ತೋಟಗಳ ಲೈನುಮನೆಯಲ್ಲಿ ಒಂದೇ ಕೋಣೆಯಲ್ಲಿ ಮಲಗುವ ಮಕ್ಕಳ ಪೈಕಿ ಒಬ್ಬರಿಗೆ ದಡಾರ ಬಂದರೆ, ಲಸಿಕೆಯಿಲ್ಲದ 10 ಮಂದಿಯಲ್ಲಿ 9 ಮಂದಿಗೆ ಅದು ಗಾಳಿಯಲ್ಲೇ ತಗಲಬಹುದು.

9 ತಿಂಗಳು ತುಂಬಿದಾಗ ಮತ್ತು 16ರಿಂದ 24 ತಿಂಗಳೊಳಗೆ ಸರ್ಕಾರ ಉಚಿತವಾಗಿ ಹಾಕುವ ಎಂಆರ್ ಲಸಿಕೆ ದಡಾರ, ರುಬೆಲ್ಲಾ ಎರಡನ್ನೂ ತಡೆಯುತ್ತದೆ. ಖಾಸಗಿ ವೈದ್ಯರಲ್ಲಿ ಹಣ ಕೊಟ್ಟು ಹಾಕಿಸುವ ಎಂಎಂಆರ್, ಇವುಗಳ ಜೊತೆಗೆ ಕಿವಿಯ ಕೆಳಗೆ ಊದಿ ಅನ್ನ ಅಗಿಯಲೂ ಬಿಡದ ಮಂಗನಬಾವನ್ನೂ ಬಹುಮಟ್ಟಿಗೆ ತಡೆಯುತ್ತದೆ. ಅನುಕೂಲವಿದ್ದವರು ಎಂಎಂಆರ್ ಆರಿಸಿಕೊಳ್ಳಲಿ. ಆದರೆ ಹಣ ಹೊಂದಿಸಲು ಕಾಯುತ್ತ ‘ತಾಯಿ ಕಾರ್ಡ್’ನಲ್ಲಿ ಬರೆದ ಲಸಿಕೆಯ ದಿನಾಂಕ ದಾಟಿಸುವುದು ನನ್ನ ದೃಷ್ಟಿಯಲ್ಲಿ ದೊಡ್ಡ ತಪ್ಪು, ಏಕೆಂದರೆ ದಡಾರದ ಮಟ್ಟಿಗೆ ಎರಡೂ ಸಮಾನ. ಯಾವುದಾದರೂ ಸರಿ, ಎರಡನೆಯ ಡೋಸ್ ತಪ್ಪಿಸಬಾರದು. ದಡಾರದ ಕೆಂಪು ದದ್ದು ಎದ್ದ ಮಗುವನ್ನು ನಾಲ್ಕು ದಿನ ಅಂಗನವಾಡಿಗೆ ಕಳಿಸಬಾರದು.