ಮಣ್ಣಿನ ಬ್ಲಾಕ್‌ಗೆ ಬರೀ ಸಿಮೆಂಟಾ, ಜೊತೆಗೆ ಸಾಮಿಲ್ ಬೂದೀನೂ ಹಾಕ್ಬೋದಾ?

ಮೂಡಿಗೆರೆ ಹತ್ರ ನಮ್ಮ ತೋಟದಲ್ಲಿ ಪಂಪ್‌ಹೌಸ್ ಕಟ್ಟೋಕೆ ಅಂತ ಹೋದ ಬೇಸಿಗೇಲಿ ಮಣ್ಣಿನ ಬ್ಲಾಕ್ ಒತ್ತಿಸಿದ್ವಿ, ಆಗ ಮೂರು ಥರ ಮಾಡಿ ನೋಡ್ದೆ. ಒಂದಕ್ಕೆ 8% ಸಿಮೆಂಟ್, ಇನ್ನೊಂದಕ್ಕೆ 6% ಸಿಮೆಂಟ್ 2% ಬೂದಿ, ಮೂರನೇದಕ್ಕೆ ಅರ್ಧರ್ಧ, ಅಂದ್ರೆ 4ಕ್ಕೆ 4. ಮಣ್ಣು ಎಲ್ಲಕ್ಕೂ ಒಂದೇ, ನಮ್ಮ ಕೆಮ್ಮಣ್ಣಿಗೆ ಎಂ-ಸ್ಯಾಂಡ್ ಬೆರೆಸಿದ್ದು, ಜೇಡಿ ಜಾಸ್ತಿ ಇದ್ರೆ ಸಿಮೆಂಟ್ ಸರಿಯಾಗಿ ಹಿಡಿಯಲ್ಲ ನೋಡಿ. ಬ್ಲಾಕ್ 9 ಇಂಚು ಉದ್ದ, 7.5 ಅಗಲ, 4 ದಪ್ಪ, ಒಣಗಿದ್ಮೇಲೆ ಹೆಚ್ಚುಕಮ್ಮಿ 8 ಕೆಜಿ.

ಬೂದಿ ಸಿಲ್ವರ್ ಓಕ್ ಚಕ್ಕೆ, ಹೊಟ್ಟು ಉರಿಸಿದ್ದು, ಸಾಮಿಲ್‌ನವ್ರು ಪುಕ್ಕಟೆ ಕೊಟ್ರು. ಆದ್ರೆ ಕೆಲಸ ಇರೋದೇ ಅಲ್ಲಿ. ಇದ್ದಲು ಚೂರು ಹಾಗೇ ಉಳಿದ್ರೆ ನೀರು ಕುಡಿಯುತ್ತೆ, ಬ್ಲಾಕ್ ಮೆದು ಆಗುತ್ತೆ, ಹಾಗಾಗಿ ಸೊಳ್ಳೆಪರದೆ ಬಲೇಲಿ ಜರಡಿ ಹಿಡಿದ್ವಿ, ಒಂದಿಡೀ ದಿನ ಹೋಯ್ತು. ಮೊದಲ ಸಲ ಬಾಂಡ್ಲಿ ಲೆಕ್ಕದಲ್ಲಿ ಅಳೆದು ಕೆಟ್ಟೆ, ಬೂದಿ ಹಗುರ, ಬಾಂಡ್ಲಿ ತುಂಬಿದ್ರೂ ತೂಕ ಬರಲ್ಲ, ತಕ್ಕಡೀಲೇ ತೂಗ್ಬೇಕು. ಗ್ಲೌಸ್ ಹಾಕ್ಕೊಳ್ಳಿ ದಯವಿಟ್ಟು, ನೆಂದ ಬೂದಿ ಸುಣ್ಣದ ಥರಾನೇ ಚರ್ಮ ಸುಡುತ್ತೆ, ನಮ್ಮ ಮೇಸ್ತ್ರಿ ಬೆರಳ ಸಂದೀಲಿ ಬಿರುಕು ಬಿಟ್ಟಿತ್ತು.

ಗೋಣಿಚೀಲ ಹೊದಿಸಿ ಮೂರು ವಾರ ನೀರು ಹಾಕಿ, 28 ದಿನ ಆದ್ಮೇಲೆ ಮೂರು ಥರದ್ದನ್ನೂ ಒಂದೊಂದು ರಾತ್ರಿ ತೊಟ್ಟೀಲಿ ಮುಳುಗಿಸಿಟ್ಟೆ. 8% ಬ್ಲಾಕು ಅಂಚು ಅಲ್ಲಾಡ್ಲಿಲ್ಲ. 6+2ರದ್ದು ಉಗುರಲ್ಲಿ ಗೀರಿದ್ರೆ ಸ್ವಲ್ಪ ಪುಡಿ ಬಂತು ಅಷ್ಟೇ, ಒಣಗಿದ್ಮೇಲೆ ತಟ್ಟಿದ್ರೆ ಠಣ್ ಅಂತಿತ್ತು. ಅರ್ಧರ್ಧದ್ದು ಮೂಲೆ ಹೆಬ್ಬೆರಳಲ್ಲಿ ಒತ್ತಿದ್ ಕೂಡ್ಲೇ ನೆಂದ ರಸ್ಕ್ ಥರ ಕುಸೀತು, ಒಣಗಿಸಿದ್ರೆ ಮೇಲೆಲ್ಲ ಬಿಳೀ ಉಪ್ಪಿನ ಪದರ. ಬೂದೀಲಿರೋ ಪೊಟ್ಯಾಶ್ ನೀರಲ್ಲಿ ಕರಗಿ ಹೊರಗೆ ಬರೋದು ಅದು. ನಮ್ಮ ಆಷಾಢದ ಮಳೆಗೆ ಅಂಥ ಗೋಡೆ ಬೇಡವೇ ಬೇಡ.

ದುಡ್ಡಿನ ಲೆಕ್ಕ ಹೇಳ್ಬಿಡ್ತೀನಿ. 8% ಅಂದ್ರೆ ಬ್ಲಾಕಿಗೆ 640 ಗ್ರಾಂ ಸಿಮೆಂಟ್, 50 ಕೆಜಿ ಮೂಟೇಲಿ 78 ಬ್ಲಾಕ್. 6% ಆದ್ರೆ 480 ಗ್ರಾಂ, ಮೂಟೆಗೆ 104. ನಮ್ಮ 600 ಬ್ಲಾಕಿಗೆ ಉಳಿಯೋದು ಎರಡು ಮೂಟೆಗೆ ಸ್ವಲ್ಪ ಕಮ್ಮಿ, ಜರಡಿ ಹಿಡಿದ ಆಳಿನ ಕೂಲಿ ಕಳೆದ್ರೆ ಕೈಗೆ ಸಿಗೋದು ಕಮ್ಮಿ. ಮನೇನೇ ಕಟ್ತೀರಿ, ಐದಾರು ಸಾವಿರ ಬ್ಲಾಕ್ ಬೇಕು ಅಂದ್ರೆ ಮಾತ್ರ 6+2 ಲಾಭ, ಆದ್ರೆ ಆಗ ನಿಮ್ಮ ಮಣ್ಣು, ನಿಮ್ಮ ಬೂದೀಲೇ ನಾಲ್ಕೈದು ಬ್ಲಾಕ್ ಮಾಡಿ ಯಾವ್ದಾದ್ರೂ ಇಂಜಿನಿಯರಿಂಗ್ ಕಾಲೇಜಿನ ಸಿವಿಲ್ ಲ್ಯಾಬಲ್ಲಿ ನೆನೆಸಿ, ಎಷ್ಟು ಭಾರ ತಡೆಯುತ್ತೆ ಅಂತ ಒತ್ತಿಸಿ ನೋಡ್ಲೇಬೇಕು, ಒಂದೊಂದು ಮರದ ಬೂದಿ ಒಂದೊಂದು ಥರ.

ನಾನು ಕೊನೆಗೆ ಕೆಳಗಿನ ಮೂರು ವರಸೆ 8%ದು ಇಟ್ಟು ಅದರ ಮೇಲೆ 6+2 ಕಟ್ಟಿಸ್ದೆ, ಚಾವಣಿ ಎರಡಡಿ ಹೊರಗೆ ಬಿಟ್ಟಿದೀನಿ. ಮಿಕ್ಕಿದ ಬೂದಿ ಎಲ್ಲ ಬಾಳೆ ಬುಡಕ್ಕೆ ಹಾಕಿದ್ವಿ.